ಸರ್ಜನ್‌ಗಳ ತರಬೇತಿಯ ನೆನಪುಗಳನ್ನು ಓದುವುದು ಕಾಲಹರಣವೇ?

ಪ್ರಶ್ನೆ (ವೈದ್ಯಕೀಯ ವಿದ್ಯಾರ್ಥಿನಿ)
ಶಸ್ತ್ರಚಿಕಿತ್ಸಾ ವಿಭಾಗದ ಪೋಸ್ಟಿಂಗ್ ಶುರುವಾದಾಗಿನಿಂದ, ಸರ್ಜನ್‌ಗಳು ತಮ್ಮ ತರಬೇತಿಯ ದಿನಗಳ ಬಗ್ಗೆ ಬರೆದ ಪುಸ್ತಕಗಳನ್ನು ಓದುವ ಗೀಳು ಹತ್ತಿಕೊಂಡಿದೆ. ಸೆಂಟ್ರಲ್ ಲೈನ್ (ಹೃದಯದ ಬಳಿಯ ದೊಡ್ಡ ರಕ್ತನಾಳಕ್ಕೆ ಸೇರಿಸುವ ಕೊಳವೆ) ಹಾಕುವ ಕ್ರಮವನ್ನು ಪಠ್ಯಪುಸ್ತಕವೂ ಹೇಳುತ್ತದೆ. ಆದರೆ ಅತುಲ್ ಗವಾಂಡೆ ಅವರ ‘ಕಾಂಪ್ಲಿಕೇಷನ್ಸ್’ (2002) ಪುಸ್ತಕದಲ್ಲಿ ಕಿರಿಯ ವೈದ್ಯರ ಸೂಜಿ ಕೊರಳೆಲುಬಿನ ಕೆಳಗೆ ರಕ್ತನಾಳ ಸಿಗದೆ ತಡಕಾಡುತ್ತದೆ, ಹಿರಿಯರು ಬಂದು ಕೆಲಸ ಮುಗಿಸಿಕೊಡುತ್ತಾರೆ, ಮುಂದೊಂದು ದಿನ ಆ ಕೌಶಲ ಕೈಗೆ ಒಲಿದಾಗಲೂ ಅದು ಹೇಗೆ ಒಲಿಯಿತೆಂದು ಅವರಿಗೇ ಹೇಳಲಾಗುವುದಿಲ್ಲ. ನನಗೆ ಬೇಕಾದದ್ದು ಈ ತಡಕಾಟದ ವಿವರವೇ. ಸಹಪಾಠಿಗಳು ಇದನ್ನು ಕಾಲಹರಣವೆನ್ನುತ್ತಾರೆ. ತರಬೇತಿ ಮುಗಿಸಿದವರು ಏನೆನ್ನುತ್ತೀರಿ?

ಉತ್ತರ 1 (ಸರ್ಜನ್)
ಕಾಲಹರಣವಲ್ಲ. ನೀವು ಹೇಳಿದ ಅಧ್ಯಾಯದಲ್ಲೇ ಇನ್ನೊಂದು ಪ್ರಸಂಗವಿದೆ. ಲೇಖಕರ ಮಗನಿಗೆ ಹೃದಯದ ತೊಂದರೆಯಿದ್ದು, ಮುಂದಿನ ತಪಾಸಣೆಗಳನ್ನು ತಾನೇ ನೋಡಿಕೊಳ್ಳುವೆನೆಂದು ತರಬೇತಿಯಲ್ಲಿರುವ ವೈದ್ಯರೊಬ್ಬರು ಮುಂದೆ ಬಂದಾಗ, ಸ್ವತಃ ತರಬೇತಿಯಲ್ಲಿದ್ದ ಈ ತಂದೆ ಅನುಭವಿ ಹಿರಿಯರನ್ನೇ ಆರಿಸಿಕೊಳ್ಳುತ್ತಾರೆ. ನಾವು ಕಲಿಯಲು ಯಾರದೋ ದೇಹ ಬೇಕು, ಆದರೆ ಅದು ನಮ್ಮವರದ್ದಾಗಬಾರದು ಎಂಬ ಈ ಇಬ್ಬಂದಿಯನ್ನು ಯಾವ ಉಪನ್ಯಾಸದಲ್ಲೂ ಇಷ್ಟು ನೇರವಾಗಿ ಕೇಳಿಸಿಕೊಂಡಿದ್ದು ನನಗೆ ನೆನಪಿಲ್ಲ.

ಉತ್ತರ 2 (ರೆಸಿಡೆಂಟ್, ಅಂದರೆ ಆಸ್ಪತ್ರೆಯಲ್ಲಿ ತರಬೇತಿಯಲ್ಲಿರುವ ವೈದ್ಯ)
ಓದಿ, ಆದರೆ ನಿದ್ದೆಗೆಟ್ಟು ದುಡಿದದ್ದನ್ನು ಶೌರ್ಯವೆಂಬಂತೆ ಹೊಗಳಿಕೊಳ್ಳುವ ಪುಟಗಳನ್ನು ಅನುಮಾನದಿಂದಲೇ ನೋಡಿ. ಆಸ್ಪತ್ರೆಯಲ್ಲೇ ವಾಸವಿದ್ದು ಕಲಿಯುವ ಪದ್ಧತಿಯನ್ನು ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ರೂಢಿಗೆ ತಂದ ಸರ್ಜನ್ ವಿಲಿಯಂ ಹಾಲ್‌ಸ್ಟೆಡ್ ಸ್ವತಃ ಕೊಕೇನ್ ಹಾಗೂ ಮಾರ್ಫಿನ್ ವ್ಯಸನಕ್ಕೆ ಸಿಲುಕಿದ್ದವರು (ಆ ಪದ್ಧತಿಯ ಗುಣಗಾನದಲ್ಲಿ ಈ ಸಂಗತಿ ಹೆಚ್ಚಾಗಿ ಬಿಟ್ಟುಹೋಗುತ್ತದೆ). ಅಮೆರಿಕದಲ್ಲಿ ರೆಸಿಡೆಂಟರ ಕೆಲಸಕ್ಕೆ ವಾರಕ್ಕೆ ಸರಾಸರಿ 80 ಗಂಟೆಗಳ ಮಿತಿ ದೇಶವ್ಯಾಪಿಯಾಗಿ ಜಾರಿಗೆ ಬಂದದ್ದು 2003ರಲ್ಲಷ್ಟೇ. ಅದಕ್ಕೂ ಹಿಂದಿನ ನೆನಪುಗಳನ್ನು ಇಂದಿನ ತರಬೇತಿಯ ಮಾದರಿಯೆಂದು ತಿಳಿಯಬೇಡಿ.

ಉತ್ತರ 3 (ಅರಿವಳಿಕೆ ತಜ್ಞೆ)
ನನ್ನ ತಕರಾರು ಬೇರೆ. ಈ ಪುಸ್ತಕಗಳ ಆಪರೇಷನ್ ಥಿಯೇಟರ್‌ನಲ್ಲಿ ದಾದಿಯರೂ ಅರಿವಳಿಕೆಯವರೂ ಪರದೆಯಾಚೆಯೇ ಉಳಿದುಬಿಡುತ್ತಾರೆ. ಸರ್ಜನ್ ಒಬ್ಬರೇ ಎಲ್ಲವನ್ನೂ ನಿರ್ಧರಿಸಿದಂತೆ ಕಾಣುತ್ತದೆ. ಆದರೂ ಹೆನ್ರಿ ಮಾರ್ಷ್ ಅವರ ‘ಡು ನೋ ಹಾರ್ಮ್’ (2014) ಓದಲೇಬೇಕು. ದೊಡ್ಡದೊಂದು ಮೆದುಳಿನ ಗೆಡ್ಡೆಯ ಬಹುಪಾಲನ್ನು ಗಂಟೆಗಟ್ಟಲೆ ಶ್ರಮಿಸಿ ತೆಗೆದ ಮೇಲೆ, ಉಳಿದ ತುಣುಕನ್ನೂ ತೆಗೆಯಹೋಗಿ ಅವರು ಬೇಸಿಲಾರ್ ಅಪಧಮನಿಯ (ಮೆದುಳಿನ ಕಾಂಡಕ್ಕೆ ರಕ್ತ ಒಯ್ಯುವ ನಾಳ) ಸಣ್ಣ ಕವಲೊಂದನ್ನು ಹರಿಯುತ್ತಾರೆ. ರೋಗಿಗೆ ಮತ್ತೆ ಪ್ರಜ್ಞೆ ಬರುವುದಿಲ್ಲ. ವರ್ಷಗಳ ನಂತರ ಶುಶ್ರೂಷಾಲಯವೊಂದರಲ್ಲಿ ಅದೇ ರೋಗಿಯನ್ನು ಕಂಡದ್ದನ್ನೂ ಅವರು ಮುಚ್ಚಿಟ್ಟಿಲ್ಲ. ಕೈಚಳಕ ಅಭ್ಯಾಸದಿಂದ ಬರುತ್ತದೆ, ಆದರೆ ಎಲ್ಲಿ ನಿಲ್ಲಿಸಬೇಕೆಂಬ ವಿವೇಚನೆಯನ್ನು ಸ್ವಂತ ರೋಗಿಯ ಮೇಲೆ ಕಲಿಯುವುದಕ್ಕಿಂತ ಮೊದಲು ಇನ್ನೊಬ್ಬರ ಬರಹದಲ್ಲಿ ನೋಡಿರುವುದು ಒಳ್ಳೆಯದು. ಆ ಅಧ್ಯಾಯವನ್ನು ನಿಮ್ಮ ಸಹಪಾಠಿಗಳಿಗೂ ಕೊಡಿ. ಓದಿದ ಮೇಲೂ ಕಾಲಹರಣವೆಂದರೆ, ಕಾರಣವನ್ನು ಇಲ್ಲಿ ಬರೆಯಲಿ.