ಅಪ್‌ಡೇಟ್: ಅಪಾರ್ಟ್‌ಮೆಂಟ್ ಡೀಸೆಲ್ ಜನರೇಟರ್‌ನ ಆಯಿಲ್ ಬದಲಾವಣೆ

ನಮ್ಮ ಜನರೇಟರ್ ವರ್ಷಕ್ಕೆ 40 ಗಂಟೆಯೂ ಓಡಲ್ಲ, ಮ್ಯಾನ್ಯುಯಲ್‌ನಲ್ಲಿ 250 ಗಂಟೆಗೊಮ್ಮೆ ಆಯಿಲ್ ಬದಲಿಸಿ ಅಂತಿದೆ, ಅಲ್ಲಿವರೆಗೂ ಕಾಯಬಹುದಾ ಅಂತ ಕೇಳಿದ್ದೆ. ಅದೇ ಸಾಲಿನಲ್ಲಿ "ಅಥವಾ 12 ತಿಂಗಳು, ಯಾವುದು ಮೊದಲೋ ಅದು" ಅಂತಲೂ ಇದೆ ಎಂದು ತೋರಿಸಿಕೊಟ್ಟವರಿಗೆ ತುಂಬಾ ಥ್ಯಾಂಕ್ಸ್.

ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ತೆಗೆದು ನೋಡಿದರೆ ಆಯಿಲ್ ಮೇಲಿನ ಗೆರೆ ದಾಟಿತ್ತು! ಯಾರೂ ಟಾಪ್‌ಅಪ್ ಮಾಡಿರಲಿಲ್ಲ. ಬೆರಳಲ್ಲಿ ಉಜ್ಜಿದರೆ ತೆಳ್ಳಗೆ, ಡೀಸೆಲ್ ವಾಸನೆ. ವಾರವಾರ ಲೋಡ್ ಇಲ್ಲದೆ, ಅಂದರೆ ಲಿಫ್ಟ್, ಪಂಪ್ ಏನೂ ಹಾಕದೆ, ಹತ್ತು ನಿಮಿಷ ಓಡಿಸುವುದರ ಫಲ ಇದು ಎಂದರು ಮೆಕ್ಯಾನಿಕ್. ಇಂಜಿನ್ ಬಿಸಿಯೇ ಆಗಲ್ಲ, ಸುಡದ ಡೀಸೆಲ್ ಮತ್ತು ತೇವ ಆಯಿಲ್‌ಗೆ ಇಳಿಯುತ್ತವೆ, ಆಮ್ಲ ಹುಟ್ಟಿ ಬೇರಿಂಗ್ ತಿನ್ನುತ್ತದೆ.

ಇಂಜಿನ್ ಬೆಚ್ಚಗಿರುವಾಗಲೇ ಹಳೇದನ್ನು ಇಳಿಸಿ, ಮ್ಯಾನ್ಯುಯಲ್ ಹೇಳಿದ 15ಡಬ್ಲ್ಯೂ-40 ಗ್ರೇಡ್ ಆಯಿಲ್ ಹಾಕಿಸಿದೆವು, ಫಿಲ್ಟರೂ ಹೊಸದು. ಹಳೇ ಫಿಲ್ಟರ್ ಇಟ್ಟು ಬರೀ ಆಯಿಲ್ ಬದಲಿಸುವುದು ನನಗಂತೂ ಸರಿ ಕಾಣಲ್ಲ.

ಈಗ ತಿಂಗಳಿಗೊಮ್ಮೆ ಲಿಫ್ಟ್, ನೀರಿನ ಪಂಪ್ ಎಲ್ಲ ಹಾಕಿ, ಜನರೇಟರ್ ಸಾಮರ್ಥ್ಯದ ಕನಿಷ್ಠ 30% ಲೋಡ್‌ನಲ್ಲಿ ಅರ್ಧ ಗಂಟೆ ಓಡಿಸುತ್ತಿದ್ದೇವೆ. ಮೊದಲಿದ್ದ ಬಿಳಿ ಹೊಗೆ ಕಡಿಮೆಯಾಗಿದೆ. ಮುಂದಿನ ಬದಲಾವಣೆಯ ತಾರೀಖನ್ನು ಕ್ಯಾನೊಪಿ (ಜನರೇಟರ್‌ನ ಹೊರ ಪೆಟ್ಟಿಗೆ) ಬಾಗಿಲ ಒಳಗಡೆ ಪೇಂಟಲ್ಲಿ ಬರೆಸಿದ್ದೇವೆ.