ಮುಂಬೈ ಪರೇಲ್ ಹತ್ರ ಕಮ್ಮಿ ರೇಟಿನ ರೂಮ್ ಎಲ್ಲಿ?

ಧಾರವಾಡದಾಂವ: ಮುಂದಿನ ವಾರ ಅಪ್ಪನ್ನ ಪರೇಲ್‌ನ ಟಾಟಾ ಕ್ಯಾನ್ಸರ್ ಆಸ್ಪತ್ರೆಗೆ ಕರ್ಕೊಂಡ್ ಹೋಗೋದೈತಿ, ಆ್ಯಪ್‌ನ್ಯಾಗ ನೋಡಿದ್ರ ಕಿಟಕಿ ಇಲ್ಲದ ರೂಮಿಗೂ 3000 ಹೇಳಾಕತ್ತಾರ. 1500ದೊಳಗ ಎಲ್ಲರ ಸಿಗತೈತೇನ್ರಿ? ಅಪ್ಪಗ ಮೆಟ್ಲ ಹತ್ತಾಕ ಆಗಂಗಿಲ್ಲ.

ಮುಂಬೈಕರ್: ಮೊದ್ಲು ಹೋಟೆಲ್ ಬಿಡಿ. ದಾದರ್‌ನಲ್ಲಿ ಗಾಡ್ಗೆ ಮಹಾರಾಜ್ ಧರ್ಮಶಾಲೆ ಇದೆ, ಟಾಟಾಗೆ ಬರೋ ಪೇಷೆಂಟ್‌ಗಳೇ ಜಾಸ್ತಿ ಇರ್ತಾರೆ, ಬಾಡಿಗೆ ತುಂಬಾ ಕಮ್ಮಿ. ಆದ್ರೆ ಯಾವಾಗ್ಲೂ ರಷ್ಷು, ಅದಕ್ಕೇ ಆಸ್ಪತ್ರೆಯ ಸಮಾಜ ಸೇವಾ ವಿಭಾಗದಲ್ಲಿ ಫೈಲ್ ತೋರ್ಸಿ ವಸತಿ ಬಗ್ಗೆ ಕೇಳಿ, ಅವ್ರೇ ಬೇರೆ ಧರ್ಮಶಾಲೆಗಳಿಗೂ ಚೀಟಿ ಕೊಡ್ತಾರೆ. ಕೆಳಗಿನ ಮಹಡಿ ಬೇಕು ಅಂತ ಆಗ್ಲೇ ಹೇಳ್ಬಿಡಿ.

ಮಂಗ್ಳೂರು ಹುಡುಗಿ: ಮೊದಲ ರಾತ್ರಿಗೆ ಸ್ಟೇಷನ್ ರಿಟೈರಿಂಗ್ ರೂಮ್ ನೋಡಿ, ಟಿಕೆಟ್‌ನ ಪಿಎನ್‌ಆರ್ ಹಾಕಿ ಐಆರ್‌ಸಿಟಿಸಿಲೇ ಬುಕ್ ಮಾಡ್ಬಹುದು. ನವಿ ಮುಂಬೈನ ವಾಶಿ ಕಡೆ ಅಗ್ಗ ಅಂತ ಹೋಗ್ಬೇಡಿ, ಕುರ್ಲಾದಲ್ಲಿ ಇಳಿದು ಬ್ರಿಜ್ ಹತ್ತಿ ಟ್ರೈನ್ ಬದಲಾಯಿಸ್ಬೇಕು, ಬೆಳಗ್ಗಿನ ಆ ನೂಕುನುಗ್ಗಲಲ್ಲಿ ಅಪ್ಪನಿಗೆ ಖಂಡಿತಾ ಆಗಲ್ಲ.

ಧಾರವಾಡದಾಂವ: ಭಾಳ ಉಪಕಾರ ಆತ್ರಿ ಇಬ್ಬರಿಗೂ. ಚೀಟಿಗೆ ಅಪ್ಪನ ಆಧಾರ್ ಜೋಡಿ ನಂದೂ ಬೇಕೇನ್ರಿ?

ಮುಂಬೈಕರ್: ಇಬ್ಬರದ್ದೂ ಒರಿಜಿನಲ್ ಇಟ್ಕೊಳ್ಳಿ, ಜೆರಾಕ್ಸೂ ಇರ್ಲಿ.