ಟ್ರೈಲರ್ ಎಳೆಯುವ ಪೆಟ್ರೋಲ್ ಜೀಪಿಗೆ ಹೆಚ್ಚು ಆಕ್ಟೇನಿನ ಪೆಟ್ರೋಲ್ ಬೇಕೇ?

ಆಲ್ದೂರಿನ ಬೆಳೆಗಾರ:

ಎಲ್ಲರಿಗೂ ನಮಸ್ಕಾರ. ಆಲ್ದೂರಿನ ಸಮೀಪ ನಮ್ಮದೊಂದು ಸಣ್ಣ ಕಾಫಿ ತೋಟವಿದೆ. ಹಳೆಯ ಡೀಸೆಲ್ ಜೀಪನ್ನು ಮಾರಿ, ಎರಡು ವರ್ಷಗಳ ಹಿಂದೆ 2 ಲೀಟರ್ ಟರ್ಬೊ (ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ ಸಾಧನವಿರುವ) ಪೆಟ್ರೋಲ್ ಎಂಜಿನ್ನಿನ ಜೀಪನ್ನು ಕೊಂಡೆ. ಕೊಯ್ಲಿನ ಕಾಲದಲ್ಲಿ ಅದರ ಹಿಂದೆ ಎರಡು ಗಾಲಿಯ ಟ್ರೈಲರ್ ಕಟ್ಟಿ, 50 ಕಿಲೋದ ಹತ್ತು ಹನ್ನೆರಡು ಮೂಟೆ ಒಣ ಚೆರಿ (ಒಣಗಿಸಿದ ಕಾಫಿ ಹಣ್ಣು) ಹೇರಿಕೊಂಡು ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸಿಗೆ (ಕಾಫಿ ಸಂಸ್ಕರಣ ಕಾರ್ಖಾನೆಗೆ) ಹೋಗುವುದು ವಾಡಿಕೆ.

ಕಣದಿಂದ ಡಾಂಬರು ರಸ್ತೆಗೆ ಹತ್ತುವಲ್ಲಿ ಒಂದು ಕಡಿದಾದ ಏರಿದೆ. ಎರಡನೆಯ ಗೇರಿನಲ್ಲಿ, ಎಂಜಿನ್ ನಿಮಿಷಕ್ಕೆ ಸುಮಾರು 1500 ಸುತ್ತಿನಲ್ಲಿದ್ದಾಗ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ, ತಗಡಿನ ಡಬ್ಬಿಯಲ್ಲಿ ಗೋಲಿ ಹಾಕಿ ಅಲ್ಲಾಡಿಸಿದಂಥ ಸದ್ದು ಒಂದು ಕ್ಷಣ ಕೇಳಿಸಿ ನಿಲ್ಲುತ್ತದೆ. ಅದರ ಬೆನ್ನಿಗೇ ಎಳೆತವೂ ಕುಗ್ಗುತ್ತದೆ. ಬಂಕಿನ ಹುಡುಗ, "95ರ ಪೆಟ್ರೋಲ್ ಹಾಕಿಸಿ ಸರ್, ಲೋಡಿಗೆ ಅದೇ ಒಳ್ಳೆಯದು" ಎನ್ನುತ್ತಾನೆ. ಅಮೆರಿಕದವರು ಟ್ರೈಲರ್ ಎಳೆಯುವಾಗ 91 ಹಾಕಿಸಿ ಎಂದು ಬರೆದಿರುವುದನ್ನೂ ಓದಿದೆ. ನಮ್ಮ ಬಂಕುಗಳಲ್ಲಿ 91ಕ್ಕಿಂತ ಕಡಿಮೆಯದು ಸಿಗುವುದೇ ಇಲ್ಲವಲ್ಲ! ಲೀಟರಿಗೆ ಹೆಚ್ಚು ಕೊಟ್ಟು ಮೇಲ್ದರ್ಜೆಯ ಪೆಟ್ರೋಲ್ ಹಾಕಿಸಿದರೆ ಏನಾದರೂ ಪ್ರಯೋಜನವಿದೆಯೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಹಾಸನದ ನಿವೃತ್ತ ಉಪನ್ಯಾಸಕ:

ಮಾನ್ಯರೇ, ಮೊದಲು ಅಂಕಿಗಳ ಗೊಂದಲವನ್ನು ಬಿಡಿಸಿಕೊಳ್ಳೋಣ. ಅಮೆರಿಕದ ಬಂಕುಗಳಲ್ಲಿ ಬರೆದಿರುವ 87, 91 ಎಂಬವು ಎರಡು ಬಗೆಯ ಪರೀಕ್ಷೆಗಳ ಸರಾಸರಿ. ನಮ್ಮಲ್ಲಿಯೂ ಯುರೋಪಿನಲ್ಲಿಯೂ ಹೇಳುವುದು ಆ ಎರಡರಲ್ಲಿ ಒಂದರ ಫಲವನ್ನು ಮಾತ್ರ. ಅದನ್ನು ರಿಸರ್ಚ್ ಆಕ್ಟೇನ್ ಸಂಖ್ಯೆ ಎನ್ನುತ್ತಾರೆ. ಅಲ್ಲಿಯ 87 ನಮ್ಮ ಲೆಕ್ಕದಲ್ಲಿ ಸುಮಾರು 91 ಆಗುತ್ತದೆ, ಅಲ್ಲಿಯ 91 ನಮ್ಮ 95–96ರ ಆಸುಪಾಸಿಗೆ ಬರುತ್ತದೆ. ಆದ್ದರಿಂದ ಅವರ ಸಲಹೆಯನ್ನು ಅಂಕಿ ಬದಲಿಸದೆ ಇಲ್ಲಿಗೆ ತರಲಾಗದು.

ಎರಡನೆಯದಾಗಿ, ಆಕ್ಟೇನ್ ಹೆಚ್ಚಿದ್ದರೆ ಪೆಟ್ರೋಲಿನಲ್ಲಿ ಕಸುವು ಹೆಚ್ಚಿರುತ್ತದೆ ಎಂಬ ನಂಬಿಕೆ ನಮ್ಮ ಕಡೆ ಬಹಳ ಗಟ್ಟಿಯಾಗಿ ಬೇರೂರಿದೆ. ಸಿಲಿಂಡರಿನೊಳಗಿನ ಒತ್ತಡ ಮತ್ತು ಕಾವಿನಲ್ಲಿ ಪೆಟ್ರೋಲು ತಾನಾಗಿಯೇ ಹೊತ್ತಿಕೊಳ್ಳದೆ ಎಷ್ಟರ ಮಟ್ಟಿಗೆ ತಡೆದುಕೊಳ್ಳುತ್ತದೆ ಎಂಬುದನ್ನಷ್ಟೇ ಆ ಸಂಖ್ಯೆ ಹೇಳುತ್ತದೆ. ಇದಕ್ಕೆ ಪೆಟ್ರೋಲಿಗೆ ಬೆರೆಸುವ ಮದ್ಯಸಾರವಾದ ಎಥನಾಲ್ ಒಳ್ಳೆಯ ನಿದರ್ಶನ: ಅದರ ಆಕ್ಟೇನ್ ಸುಮಾರು 108, ಆದರೆ ಒಂದು ಲೀಟರ್ ಎಥನಾಲಿನಲ್ಲಿರುವ ಶಕ್ತಿ ಒಂದು ಲೀಟರ್ ಪೆಟ್ರೋಲಿನದರ ಮೂರನೆಯ ಎರಡು ಪಾಲು ಮಾತ್ರ. ಸ್ಪಾರ್ಕ್ ಪ್ಲಗ್ಗಿನಿಂದ ಹೊರಟ ಉರಿ ಹರಡುತ್ತ ಬರುವಾಗ, ಅದು ತಲಪುವ ಮೊದಲೇ ಮೂಲೆಯಲ್ಲಿ ಉಳಿದ ಮಿಶ್ರಣ ಕಾವೇರಿ ಒಮ್ಮೆಗೇ ಸಿಡಿಯುವುದನ್ನು ನಾಕಿಂಗ್ ಎನ್ನುತ್ತೇವೆ. ನೀವು ಹೇಳಿದ ಗೋಲಿಯ ಸದ್ದು ಅದೇ. ಈಗಿನ ಎಂಜಿನ್ನುಗಳಲ್ಲಿ ನಾಕ್ ಸೆನ್ಸರ್ ಇದನ್ನು ಗ್ರಹಿಸುತ್ತದೆ. ಕೂಡಲೇ ಎಂಜಿನ್ನಿನ ಗಣಕವು ಕಿಡಿ ಹಾರುವ ಹೊತ್ತನ್ನು, ಅಂದರೆ ಟೈಮಿಂಗನ್ನು, ತುಸು ತಡ ಮಾಡುತ್ತದೆ. ಸದ್ದು ನಿಲ್ಲುತ್ತದೆ, ಜೊತೆಗೆ ಎಳೆತವೂ ತಗ್ಗುತ್ತದೆ. ನಿಮ್ಮ ಏರಿನಲ್ಲಿ ಆಗುತ್ತಿರುವುದು ಇಷ್ಟೇ.

ಹೀಗಿರುವಾಗ ಹೆಚ್ಚು ಆಕ್ಟೇನಿನಿಂದ ನಿಮಗೆ ಲಾಭವಿದೆಯೇ ಎಂದರೆ, ತಾತ್ತ್ವಿಕವಾಗಿ ಇದೆ. ಟರ್ಬೊ ಎಂಜಿನ್, ಭಾರ, ನಿಧಾನದ ಏರು, ಬಿಸಿಲು ಇವೆಲ್ಲ ಕೂಡಿದಾಗ ಗಣಕವು ಹಿಂದೆಗೆದ ಟೈಮಿಂಗನ್ನು ಮತ್ತೆ ಮುಂದಕ್ಕೆ ತರಲು ಅದು ಅವಕಾಶ ಕೊಡುತ್ತದೆ. ಟರ್ಬೊ ಇಲ್ಲದ ಸಾಧಾರಣ ಕಾರಾಗಿದ್ದರೆ ನನ್ನ ಉತ್ತರ ಬೇರೆಯಾಗುತ್ತಿತ್ತು. ಸಮುದ್ರಮಟ್ಟದಿಂದ ಸುಮಾರು 1000 ಮೀಟರ್ ಎತ್ತರದಲ್ಲಿರುವ ನಮ್ಮ ಊರುಗಳಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಶೇಕಡ 10ರಷ್ಟು ಕಡಿಮೆ ಇರುವುದರಿಂದ ಅಂಥ ಎಂಜಿನ್ನಿನ ಸಿಲಿಂಡರ್ ಪೂರ್ತಿ ತುಂಬುವುದೇ ಇಲ್ಲ, ನಾಕಿಂಗಿನ ಭಯವೂ ಅಷ್ಟರ ಮಟ್ಟಿಗೆ ಕಡಿಮೆ. ಟರ್ಬೊ ಆ ಕೊರತೆಯನ್ನು ತುಂಬಿಕೊಡುವುದರಿಂದ ನಿಮಗೆ ಈ ರಿಯಾಯಿತಿ ಇಲ್ಲ.

ಆದರೆ ಬಂಕಿನ ಹುಡುಗನ 95ರ ಮಾತಿನಲ್ಲೊಂದು ತೊಡಕಿದೆ. ವಾಹನಗಳ ಹೊಗೆಯ ಮಿತಿಯನ್ನು ಬಿಗಿಗೊಳಿಸಿದ ಬಿಎಸ್ 6 ನಿಯಮ ಬಂದಾಗ ನಮ್ಮ ಸಾದಾ ಪೆಟ್ರೋಲಿನ ಕನಿಷ್ಠ ಆಕ್ಟೇನ್ 91 ಇತ್ತು. ಶೇಕಡ 20 ಎಥನಾಲ್ ಬೆರೆತ ಮೇಲೆ ಅದು 95 ಆಗಿದೆಯೆಂದು ಪೆಟ್ರೋಲಿಯಂ ಸಚಿವಾಲಯವೇ 2025ರಲ್ಲಿ ಹೇಳಿದೆ. ಅಂದಮೇಲೆ, 95 ಎಂದು ಬರೆದ ದುಬಾರಿ ಪೆಟ್ರೋಲಿನಲ್ಲಿ ನೀವು ಹೆಚ್ಚಿನ ಹಣ ಕೊಡುವುದು ಎಂಜಿನ್ ಶುಚಿಯಾಗಿಡುವ ರಾಸಾಯನಿಕಗಳಿಗೆ, ಆಕ್ಟೇನಿಗಲ್ಲ. ವ್ಯತ್ಯಾಸ ಕಾಣಬೇಕಾದರೆ 97, 99 ಅಥವಾ 100 ಹಾಕಿಸಬೇಕು. ಅದಕ್ಕೂ ಮೊದಲು ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಒಳಗೆ ತಯಾರಕರು ಏನು ಬರೆದಿದ್ದಾರೆಂದು ನೋಡಿ ತಿಳಿಸಿ.

ಸಕಲೇಶಪುರದ ಗ್ಯಾರೇಜಿನವನು:

ಮೇಷ್ಟ್ರು ಹೇಳಿದ್ದೆಲ್ಲ ಸರಿ. ಆದರೆ ಬಂಕಿಗೆ ಹೋಗುವ ಮೊದಲು ಬಾನೆಟ್ ಎತ್ತಿ ನೋಡಿ ಎಂಬುದು ನನ್ನ ವಿನಂತಿ. ತೋಟದ ಟರ್ಬೊ ಗಾಡಿಗಳಲ್ಲಿ ಇಂಟರ್‌ಕೂಲರಿನ (ಟರ್ಬೊದಿಂದ ಬರುವ ಬಿಸಿ ಗಾಳಿಯನ್ನು ತಣಿಸುವ ಭಾಗದ) ಮುಂದೆ ಸಿಲ್ವರ್ ಓಕ್ ಎಲೆ ಸಿಕ್ಕಿಕೊಂಡು, ಅದರ ಮೇಲೆ ಕಣದ ಧೂಳು ಕೂತು, ಮಂಜಿಗೆ ಒದ್ದೆಯಾಗಿ ಬಿಸಿಲಿಗೆ ಒಣಗಿ ರೊಟ್ಟಿಯಂತೆ ಅಂಟಿರುವುದನ್ನು ಪ್ರತಿ ವರ್ಷ ನೋಡುತ್ತೇನೆ. ಗಾಳಿ ತಣಿಯದೆ ಎಂಜಿನ್ನಿಗೆ ಹೋದರೆ ಎಂಥ ಪೆಟ್ರೋಲ್ ಹಾಕಿದರೂ ಬಡಿಯುತ್ತದೆ. ಒಳಗಿನಿಂದ ಹೊರಕ್ಕೆ, ಸಣ್ಣ ಒತ್ತಡದಲ್ಲಿ ನೀರು ಹಾಯಿಸಿ ತೊಳೆಯಿರಿ. ಸರ್ವೀಸ್ ಪಂಪಿನ ಪೂರ್ಣ ಒತ್ತಡ ಕೊಟ್ಟರೆ ರೆಕ್ಕೆಗಳು ಮಡಚಿಕೊಂಡು ಕೆಲಸ ಇನ್ನೂ ಕೆಡುತ್ತದೆ.

ಇನ್ನೊಂದು ಮಾತು, ಬೇಸರಿಸಬೇಡಿ: 1500 ಸುತ್ತಿನಲ್ಲಿ ಎರಡನೆಯ ಗೇರು ಇಟ್ಟುಕೊಂಡು, ಟ್ರೈಲರಿನ ತೂಕವೂ ಸೇರಿ ಮುಕ್ಕಾಲು ಟನ್ನಿಗೂ ಹೆಚ್ಚು ಭಾರವನ್ನು ಏರಿಸುವುದು ಎಂಜಿನ್ನಿಗೆ ಮಾಡುವ ಅನ್ಯಾಯ. ಡೀಸೆಲ್ ಜೀಪು ಹಾಗೆ ಎಳೆಯುತ್ತಿತ್ತು, ಕೈ ಅದಕ್ಕೇ ಒಗ್ಗಿದೆ. ಪೆಟ್ರೋಲ್ ಎಂಜಿನ್ನನ್ನು ಮೊದಲ ಗೇರಿಗೆ ಇಳಿಸಿ, 2500ರ ಮೇಲೆ ತಿರುಗಲು ಬಿಡಿ.

ಮೂಡಿಗೆರೆಯ ಓದುಗ:

ನನ್ನದೂ ಟರ್ಬೊ ಪೆಟ್ರೋಲ್ ಗಾಡಿ. ಟ್ರೈಲರಿನಲ್ಲಿ ಗೊಬ್ಬರ ತರುತ್ತೇನೆ. ಓಬಿಡಿ ಸಾಕೆಟ್ಟಿಗೆ (ಎಂಜಿನ್ನಿನ ಗಣಕದ ಮಾಹಿತಿ ಓದುವ ಕಿಂಡಿಗೆ) ಸಣ್ಣ ಉಪಕರಣವೊಂದನ್ನು ಸಿಕ್ಕಿಸಿ ಮೊಬೈಲಿನಲ್ಲಿ ಟೈಮಿಂಗ್ ನೋಡುವ ಚಪಲ ನನಗಿದೆ. ಒಂದೇ ಏರು, ಒಂದೇ ಭಾರ, ಮಧ್ಯಾಹ್ನದ ಹೊತ್ತು: ಸಾದಾ ಪೆಟ್ರೋಲಿನಲ್ಲಿ ಟೈಮಿಂಗ್ ಆಗಾಗ ಮೂರು ನಾಲ್ಕು ಡಿಗ್ರಿ ಹಿಂದೆ ಸರಿಯುತ್ತಿತ್ತು. ಟ್ಯಾಂಕು ಬಹುಪಾಲು ಖಾಲಿಯಾದ ಮೇಲೆ 100ರ ಪೆಟ್ರೋಲ್ ತುಂಬಿಸಿದಾಗ ಮೊದಲ ಕೆಲವು ಕಿಲೋಮೀಟರಿನಲ್ಲಿ ಏನೂ ಬದಲಾಗಲಿಲ್ಲ, ಆಮೇಲೆ ಹಿಂದೆ ಸರಿಯುವುದು ಬಹುಮಟ್ಟಿಗೆ ನಿಂತಿತು. ಆದರೆ ಬೆಳಗಿನ ಏಳು ಗಂಟೆಯ ಮಂಜಿನಲ್ಲಿ ಅದೇ ಏರನ್ನು ಸಾದಾ ಪೆಟ್ರೋಲಿನಲ್ಲೇ ಹತ್ತಿದಾಗಲೂ ಟೈಮಿಂಗ್ ಅಷ್ಟೇ ಚೆನ್ನಾಗಿತ್ತು! ಅಂದಿನಿಂದ ಗೊಬ್ಬರವನ್ನು ಬೆಳಿಗ್ಗೆಯೇ ತರುತ್ತಿದ್ದೇನೆ. ಟ್ರೈಲರ್ ಇಲ್ಲದೆ ಓಡಾಡುವಾಗಲಂತೂ ಎರಡಕ್ಕೂ ಯಾವ ವ್ಯತ್ಯಾಸವೂ ಕಾಣಲಿಲ್ಲ.

ಬೇಲೂರಿನ ಓದುಗ:

ನಡುವೆ ಬಾಯಿ ಹಾಕುತ್ತಿರುವುದಕ್ಕೆ ಕ್ಷಮೆಯಿರಲಿ. ನಮ್ಮಲ್ಲಿ ಕಾರ್ಬುರೇಟರ್ ಇರುವ ಬಹಳ ಹಳೆಯ ಪೆಟ್ರೋಲ್ ಜೀಪಿದೆ. ಅದಕ್ಕೂ 100 ಹಾಕಿಸಬಹುದೇ?

ಹಾಸನದ ನಿವೃತ್ತ ಉಪನ್ಯಾಸಕ:

ಹಾಕಿಸಿದರೆ ಕೆಡುಕಿಲ್ಲ, ಗುಣವೂ ಇಲ್ಲ. ಆ ಕಾಲದ ಎಂಜಿನ್ನುಗಳಲ್ಲಿ ಒತ್ತಡದ ಅನುಪಾತ ಕಡಿಮೆ, ಟೈಮಿಂಗ್ ತಿದ್ದುವ ಗಣಕವೂ ಇಲ್ಲ. ಅದು ಬಡಿಯುತ್ತಿದ್ದರೆ, ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ಒಂದೆರಡು ಡಿಗ್ರಿ ತಿರುಗಿಸಿ ಟೈಮಿಂಗ್ ಹಿಂದೆ ಇಡಿಸಿಕೊಳ್ಳಿ. ನಿಮ್ಮ ಜೀಪಿಗೆ ಆಕ್ಟೇನಿಗಿಂತ ಎಥನಾಲಿನ ಚಿಂತೆಯೇ ದೊಡ್ಡದು. ಅದು ಕೆಡಿಸಬಹುದಾದ ಹಳೆಯ ರಬ್ಬರ್ ಪೈಪು, ಡಯಾಫ್ರಾಮುಗಳನ್ನು (ಪಂಪಿನ ಒಳಗಿನ ರಬ್ಬರ್ ಪೊರೆಗಳನ್ನು) ಒಮ್ಮೆ ಪರೀಕ್ಷಿಸುವುದು ಒಳ್ಳೆಯದು.

ಆಲ್ದೂರಿನ ಬೆಳೆಗಾರ:

ಉತ್ತರಿಸಿದ ಎಲ್ಲ ಹಿರಿಯರಿಗೂ ವಂದನೆಗಳು. ಮುಚ್ಚಳದೊಳಗೆ ಕನಿಷ್ಠ 91 ಎಂದು ಬರೆದಿದೆ. ಸಕಲೇಶಪುರದ ಮಿತ್ರರು ನನ್ನ ಗಾಡಿಯನ್ನು ಕಂಡೇ ಬರೆದರೇನೋ ಎನಿಸಿತು: ಇಂಟರ್‌ಕೂಲರಿನ ಕೆಳಗಿನ ಅರ್ಧದಲ್ಲಿ ಎಲೆಗಳ ಒಂದು ಪದರವೇ ಇತ್ತು, ಬೆರಳಿನಿಂದ ಎಬ್ಬಿಸಿದರೆ ಹಪ್ಪಳದ ಹಾಗೆ ಎದ್ದು ಬಂತು. ತೊಳೆದು, ನಿನ್ನೆ ಹನ್ನೊಂದು ಮೂಟೆ ಹೇರಿಕೊಂಡು, ಸಾದಾ ಪೆಟ್ರೋಲಿನಲ್ಲಿಯೇ ಮೊದಲ ಗೇರಿನಲ್ಲಿ ಹತ್ತಿದೆ. ಸದ್ದು ಬರಲಿಲ್ಲ. ಪರೀಕ್ಷೆಗೆಂದು ಬೇಕಂತಲೇ ಎರಡನೆಯ ಗೇರಿನಲ್ಲಿ ಮತ್ತೊಮ್ಮೆ ಹತ್ತಿದಾಗ ಒಂದೇ ಒಂದು ಸಲ ಕೇಳಿಸಿತು.

ಮಾರ್ಚಿನಲ್ಲಿ ರೊಬಸ್ಟಾ ಕಾಫಿ ಸಾಗಿಸುವಾಗ ಬಿಸಿಲು ಜೋರಾಗಿರುತ್ತದೆ, ಹೊತ್ತು ಆಯ್ದುಕೊಳ್ಳುವ ಸೌಕರ್ಯವೂ ಇರುವುದಿಲ್ಲ. ಆಗ ಮಾತ್ರ 97ನ್ನೋ 100ನ್ನೋ ತುಂಬಿಸಿ ನೋಡಿ, ಕಂಡದ್ದನ್ನು ಇಲ್ಲಿಯೇ ಬರೆಯುತ್ತೇನೆ. ಮೂಡಿಗೆರೆಯವರು ತಮ್ಮ ಉಪಕರಣವನ್ನು ಎರಡು ದಿನದ ಮಟ್ಟಿಗೆ ಎರವಲು ಕೊಡುವುದಾದರೆ ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ.